ಎಲ್ಲರೆದುರು ಎಳೆದ ಕೆಂಪು ಗೆರೆ

"ನಮ್ಮ ವಿದ್ಯಾರ್ಥಿಗಳು ದಿನವಿಡೀ ಕೆಲಸದ ಜಾಗದಲ್ಲಿ ಬೈಸಿಕೊಂಡು ಬರ್ತಾರೆ ಮೇಡಂ. ಸಂಜೆ ನಮ್ಮ ಕ್ಲಾಸಲ್ಲೂ ಎಲ್ಲರೆದುರು ಕೆಂಪು ಗೆರೆ ಎಳೀಬೇಕಾ?"

ಮೊದಲ ಭೇಟಿಯಲ್ಲೇ ಕಂಪ್ಯೂಟರ್ ಮೇಷ್ಟ್ರು ಹಾಗೆ ಕೇಳಿದ್ದರು. ಸಂಜೆ ಕಾಲೇಜಿನ ಬರವಣಿಗೆ ಕೋರ್ಸಿಗೆ, ಆನ್‌ಲೈನಿನಲ್ಲಿ ಚರ್ಚಿಸಲು, ಬರೆಯಲು ಒಂದು ಆ್ಯಪ್ ಆರಿಸುವ ಕೆಲಸ ಅವರಿಬ್ಬರದು. ಬರವಣಿಗೆ ಕಲಿಸುವವಳು ಅವಳು.

"ಒಬ್ಬರ ತಪ್ಪು ನೋಡಿ ಇನ್ನೊಬ್ಬರು ಕಲೀತಾರೆ ಸರ್!" ಎಂದಳು. ಕೆನ್ನೆ ಯಾಕೋ ಬಿಸಿಯಾಗಿತ್ತು...

ಅಂದಿನಿಂದ ವಾದವೇ ವಾದ! ಒಂದೊಂದೇ ಆ್ಯಪ್ ತೆರೆದು, ತಾವೇ ವಿದ್ಯಾರ್ಥಿಗಳಾಗಿ ಬರೆದು ನೋಡುತ್ತಿದ್ದರು. ಮೇಷ್ಟ್ರ ಕಟ್ಟುಕತೆಯ ಉತ್ತರಗಳನ್ನು ಓದಿ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಹಾಗಾಗಿಯೇ ಆ ಉತ್ತರವನ್ನೂ ಕಟ್ಟುಕತೆಯೆಂದುಕೊಂಡಳು.

'ಈ ಕೋರ್ಸಿಗೆ ಯಾಕೆ ಬರುತ್ತೀರಿ?' ಎಂಬ ಪ್ರಶ್ನೆಗೆ ಅವರು ಬರೆದಿದ್ದರು: 'ಒಬ್ಬರ ಜೊತೆ ಜಗಳ ಆಡಲು. ಅವರು ರಜೆ ಹಾಕಿದ ಸಂಜೆ ಇಡೀ ಕಟ್ಟಡ ಬಿಕೋ ಅನ್ನುತ್ತದೆ.'

ಅಧ್ಯಾಪಕರ ಸಭೆಯಲ್ಲಿ ತಿದ್ದಿದ್ದು ಎಲ್ಲರಿಗೂ ಕಾಣುವ ತನ್ನ ಆಯ್ಕೆಯ ಆ್ಯಪ್ ತೋರಿಸಲು, ಅವರ ಹೆಸರಿದ್ದ ಆ ಉತ್ತರವನ್ನೇ ದೊಡ್ಡ ಪರದೆಗೆ ಹಾಕಿದಳು. ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದಳು: 'ಅತಿ ಭಾವುಕತೆ. ಅನಗತ್ಯ.'

ಸಭೆ ಗೊಳ್ಳೆಂದಿತು! ಕಂಪ್ಯೂಟರ್ ಮೇಷ್ಟ್ರು ಮಾತ್ರ ಸದ್ದಿಲ್ಲದೆ ಎದ್ದು ಹೋದರು.

ಸಭೆ ಮುಗಿದ ಮೇಲೆ ಲೆಕ್ಕದ ಮೇಡಂ ಅವಳ ತೋಳು ಚಿವುಟಿದರು. "ಅಲ್ವೇ ತಾಯಿ, ಆ 'ಒಬ್ಬರು' ನೀನೇ ಅಂತ ಇಡೀ ಸ್ಟಾಫ್ ರೂಮಿಗೆ ಗೊತ್ತು. ಅದಕ್ಕೇ ನಕ್ಕಿದ್ದು! ನಿಂಗೊಬ್ಬಳಿಗೆ ಗೊತ್ತಾಗ್ಲಿಲ್ವಾ?"

ಅವಳು ಓಡಿಹೋಗಿ ಪರದೆ ಆರಿಸಿದಳು; ಲೆಕ್ಕದ ಮೇಡಂ ಹಿಂದೆಯೇ ಬಂದರು.

"ಪಾಪ, ಈ ಕೋರ್ಸಿನ ತನ್ನ ಕೆಲಸ ಬೇರೆಯವರಿಗೆ ಕೊಡಿ ಅಂತ ಪ್ರಿನ್ಸಿಪಾಲರನ್ನ ಕೇಳ್ತಿದ್ರು ಈಗ."

ಅಯ್ಯೋ... ಏನು ಮಾಡಿಬಿಟ್ಟೆ ನಾನು!

ಎಲ್ಲರೆದುರೇ ಕ್ಷಮೆ ಕೇಳಲೇ? ಬೇಡ... ಅವರನ್ನು ಮತ್ತೆ ಪರದೆಯ ಮೇಲೆ ನಿಲ್ಲಿಸಿದ ಹಾಗೆ. ಮೆಸೇಜ್ ಹಾಕಲೇ? ಬರೆದಳು, ಅಳಿಸಿದಳು. ಊರಿಗೆಲ್ಲ ಬರವಣಿಗೆ ಕಲಿಸುವವಳಿಗೆ ಒಂದು ವಾಕ್ಯ ಕೂಡಲಿಲ್ಲ. ನೆಲ ನೋಡುತ್ತಲೇ ಮೊದಲು ಪ್ರಿನ್ಸಿಪಾಲರ ಕೋಣೆಗೆ, ಅಲ್ಲಿಂದ ಕಂಪ್ಯೂಟರ್ ಲ್ಯಾಬಿಗೆ ನಡೆದಳು.

ಅವರು ಯಂತ್ರಗಳನ್ನು ಒಂದೊಂದಾಗಿ ಆಫ್ ಮಾಡುತ್ತಿದ್ದರು. ತಿರುಗಿ ನೋಡಲಿಲ್ಲ.

"ನಿಮ್ಮ ಆ್ಯಪೇ ಇರಲಿ ಮೇಡಂ. ಎಲ್ಲರಿಗೂ ಹಿಡಿಸಿತಲ್ಲ."

"ಬೇಡ ಸರ್. ತಿದ್ದಿದ್ದು ಬರೆದವರಿಗೆ ಮಾತ್ರ ಕಾಣೋ ಅಂಥದ್ದು... ನಿಮ್ಮದೇ ಸರಿ ಅಂತ ಪ್ರಿನ್ಸಿಪಾಲರಿಗೆ ಹೇಳಿ ಬಂದೆ. ಆದ್ರೆ ನೀವು ಕೋರ್ಸು ಬಿಡಬಾರದು."

"ಕನಿಕರಾನಾ?"

"ನಾಚಿಕೆ!" ಎಂದಳು. "ತಪ್ಪು ಹುಡುಕೋ ಚಟ ನನಗೆ. ಹುಡುಕಿದೆ, ಓದಲೇ ಇಲ್ಲ... ಮನೆಗೆ ಹೋಗೋವಾಗ ಬಸ್ಸಲ್ಲೂ ಮನಸ್ಸಲ್ಲೇ ನಿಮ್ಮ ಜೊತೆ ವಾದ ಮಾಡ್ತಿರ್ತೀನಿ. ಇದೇನು ಅಂತ ನನ್ನನ್ನೇ ಕೇಳ್ಕೊಳ್ಳೋ ಧೈರ್ಯ ಇರ್ಲಿಲ್ಲ. ಇವತ್ತು ಗೊತ್ತಾಯ್ತು. ಪ್ರೀತಿ ಸರ್... ಹೇಳೋಕೂ ಮುಖ ಇಲ್ಲ ನನಗೆ."

ಅವರು ಕೊನೆಯ ಯಂತ್ರವನ್ನು ಆಫ್ ಮಾಡಿ ತಿರುಗಿದರು. ಆಮೇಲೆ ಒಂದು ಕುರ್ಚಿ ಎಳೆದರು.

"ಕೂತ್ಕೊಳ್ಳಿ."

"ಕೂತ್ರೆ ಅತ್ತುಬಿಡ್ತೀನಿ..."

"ಅಳಿ. ಇಲ್ಲಿ ನಗೋರು ಯಾರೂ ಇಲ್ಲ."

ಅವರು ಜೇಬೆಲ್ಲ ತಡಕಾಡಿದರು. ಕೊನೆಗೆ ಮೇಜಿನ ಮೇಲಿದ್ದ ಒಂದು ಬಟ್ಟೆ ಮುಂದೆ ಹಿಡಿದರು.

"ಕಂಪ್ಯೂಟರ್ ಒರೆಸೋದು... ಧೂಳಿದೆ."

"ಇರಲಿ, ಕೊಡಿ."