ಬಿಲ್ಲೆ ಕೊಟ್ಟ ಅಮೋನಿಯ

ತನ್ನ ಪ್ರಯೋಗಶಾಲೆಗೆ ಬೀಗ ಬೀಳುವ ಸುದ್ದಿ ಅವಳಿಗೆ ತಿಳಿದದ್ದು ಅತ್ತಿಗೆಯ ಬಾಯಿಂದ.

"ಗೊಬ್ಬರದ ಮೂಟೆ ಇಡೋಕೆ ಜಾಗ ಸಾಲ್ತಿಲ್ವಂತೆ. ನಿನ್ನ ಶೆಡ್ ಬೇಕಂತೆ."

ಗೊಬ್ಬರದ ಕಾರ್ಖಾನೆ ನಡೆಸುವ ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇನ್ನೂ ಎಷ್ಟು ವರ್ಷ ಬಿಲ್ಲೆ ಸುಡ್ತಾ ಕೂತಿರ್ತೀಯ, ಪುಟ್ಟಿ?"

ಅವಳಿಗೆ ಮೈಯೆಲ್ಲ ಉರಿಯಿತು. ಗೊಬ್ಬರಕ್ಕೆ ಬೇಕಾದ ಅಮೋನಿಯವನ್ನು ಅಣ್ಣ ಹೊರಗಿನಿಂದ ತರಿಸುತ್ತಿದ್ದ. ಗಾಳಿಯ ನೈಟ್ರೋಜನ್, ನೀರಿನ ಹೈಡ್ರೋಜನ್ ಎರಡನ್ನೂ ಕಾದ ಪಿಂಗಾಣಿ ಬಿಲ್ಲೆಯ ಮೇಲೆ ಕರೆಂಟಿನಿಂದ ಕೂಡಿಸಿ ಅದನ್ನು ಇಲ್ಲೇ ತಯಾರಿಸಬಹುದೆಂಬುದು ಅವಳ ಹಟ. ಒಂದು ಮಧ್ಯಾಹ್ನ ಅದು ಆಗಿಯೂ ಇತ್ತು. ಹೊರಬಂದ ಅನಿಲ, ಅಮೋನಿಯ ಸೋಕಿದರೆ ಬಣ್ಣ ತಿರುಗುವ ಬೀಕರಿನ ದ್ರಾವಣವನ್ನು ನೀಲಿಯಾಗಿಸಿತ್ತು. ಮರುದಿನವೇ ಆ ಬಿಲ್ಲೆ ಬಿರುಕು ಬಿಟ್ಟಿತು. ಆಮೇಲೆ ಮಾಡಿದ ಯಾವ ಬಿಲ್ಲೆಯೂ ಕೈ ಹಿಡಿಯಲಿಲ್ಲ.

"ಪರೀಕ್ಷೆಗೆ ಯಾರನ್ನಾದ್ರೂ ಕರೆಸು," ಎಂದಳು. "ಅವರೆದುರು ತೋರಿಸ್ತೀನಿ."

"ಅಮೋನಿಯ ಬರದೇ ಇದ್ರೆ?"

"ಬಂದೇ ಬರುತ್ತೆ."

ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಒಮ್ಮೆ ಕಣ್ಣಾರೆ ಕಂಡ ನಿಜವನ್ನು ಮೂಟೆಗಳ ಕೆಳಗೆ ಹೂಳಲು ಅವಳು ತಯಾರಿರಲಿಲ್ಲ. ಇದು ಮೋಸವಲ್ಲ, ಮುಂಗಡ ಎಂದುಕೊಂಡಳು. ನಿಜ ನಾಳೆ ಬರುತ್ತದೆ. ಅದರ ಪರವಾಗಿ ಇವತ್ತು ತಾನು ನಿಂತರೆ ತಪ್ಪೇನು?

ಅಮೋನಿಯದ ಉಪ್ಪನ್ನು ಸುಮ್ಮನೆ ಕೊಳವೆಗೆ ಸುರಿಯುವುದು ದಡ್ಡರ ಕೆಲಸ. ಕರೆಂಟ್ ಇಲ್ಲದಾಗಲೂ ಅದು ಹೊಗೆಯಾಡಿ ಗುಟ್ಟು ರಟ್ಟಾಗುತ್ತದೆ. ಅವಳು ತಣ್ಣಗಿದ್ದಾಗ ಮಿಸುಕದ ಉಪ್ಪನ್ನು ಆರಿಸಿ, ಹೊರಹೋಗುವ ಕೊಳವೆಯ ಹಿತ್ತಾಳೆ ಜಾಯಿಂಟಿನೊಳಗೆ ಅಡಗಿಸಿದಳು. ಅದರ ಸುತ್ತ ಕೂದಲಿನಷ್ಟು ಸಣ್ಣ ತಂತಿ ಸುತ್ತಿ, ಬಿಲ್ಲೆಗೆ ಹೋಗುವ ಕರೆಂಟೇ ಅದರಲ್ಲೂ ಹರಿಯುವಂತೆ ಮಾಡಿದಳು. ಸ್ವಿಚ್ ಹಾಕಿದರೆ ತಂತಿ ಬಿಸಿಯಾಗಿ ಉಪ್ಪು ಅಮೋನಿಯ ಬಿಡಬೇಕು, ಆರಿಸಿದರೆ ತೆಪ್ಪಗಾಗಬೇಕು. ನೇರವಾಗಿ ಯೋಚಿಸುವವರು ಯಾರೇ ಬರಲಿ, ಬಿಲ್ಲೆಗೇ ಕೈ ಮುಗಿಯುತ್ತಾರೆ.

ಪರೀಕ್ಷೆಗೆ ಬಂದಾಕೆ ನರೆಗೂದಲಿನ ರಸಾಯನಶಾಸ್ತ್ರದ ಪ್ರೊಫೆಸರ್. ಗೋಡೆಯಾಚೆ ನೈಟ್ರೋಜನ್ ಸಿಲಿಂಡರ್ ಇಟ್ಟಿದ್ದ ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿ ಒಳಗೆ ಬಂದು, ಬೀಕರನ್ನು ತಾವೇ ತೊಳೆದು, ದ್ರಾವಣವನ್ನು ತಾವೇ ತುಂಬಿದರು. ಕರೆಂಟ್ ಇಲ್ಲದೆ ಕಾದು ನೋಡಿದರು. ಏನೂ ಆಗಲಿಲ್ಲ.

"ಈಗ ಹಾಕಮ್ಮ."

ಸ್ವಿಚ್ ಹಾಕಿದಳು. ಸ್ವಲ್ಪ ಹೊತ್ತಿಗೆ ಬೀಕರಿನ ತಳದಲ್ಲಿ ನೀಲಿ ಎಳೆಯೊಂದು ಹುಟ್ಟಿತು, ಹಬ್ಬಿತು. ಪ್ರೊಫೆಸರ್ ಹೇಳಿದಂತೆ ಸ್ವಿಚ್ ಆರಿಸಿ ಹೊಸ ದ್ರಾವಣ ಇಟ್ಟರೆ ಬಣ್ಣವಿಲ್ಲ. ಮತ್ತೆ ಹಾಕಿದರೆ ನೀಲಿ.

ಅಣ್ಣನ ಕಣ್ಣು ಒದ್ದೆಯಾಗಿತ್ತು. "ಶೆಡ್ ನಿಂದೇ, ಪುಟ್ಟಿ. ಮೂಟೆ ನನ್ನ ತಲೆ ಮೇಲೆ ಇಟ್ಕೋತೀನಿ."

ಆ ಮಾತು ಎದೆಗೆ ಚುಚ್ಚಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ. ಪ್ರೊಫೆಸರ್ ಕಡೆ ತಿರುಗಿ, "ಇನ್ನೂ ಅನುಮಾನ ಇದ್ರೆ ಕೇಳಿ, ಮೇಡಂ. ಏನು ಬೇಕಾದ್ರೂ ಪರೀಕ್ಷೆ ಮಾಡಿ," ಎಂದಳು.

ಪ್ರೊಫೆಸರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. "ಅಸಲಿ ಅನಿಲ ಬಿಡದೆ ಶುರು ಮಾಡೋದು ನನ್ನ ಅಭ್ಯಾಸ ಕಣಮ್ಮ. ಒಳಗೆ ಬರೋ ಮುಂಚೆ ಗೋಡೆ ಆಚೆ ಇರೋ ಸಿಲಿಂಡರ್ ತೆಗೆದು ನಾನು ತಂದಿದ್ದನ್ನ ಹಾಕಿದೆ. ಇಷ್ಟು ಹೊತ್ತೂ ನೈಟ್ರೋಜನ್ ಬದಲು ನಿನ್ನ ಬಿಲ್ಲೆಗೆ ಹೋಗಿದ್ದು ಯಾವುದರ ಜೊತೆಗೂ ಕೂಡದ ಆರ್ಗಾನ್. ನೈಟ್ರೋಜನ್ ಇನ್ನೂ ಬಿಟ್ಟೇ ಇಲ್ಲ."