ಉಳ್ಳಾಗಡ್ಡಿ ಇಲ್ಲದ ಝುಣಕ

ಎರಡು ಅಸೈನ್‌ಮೆಂಟ್. ಹೆಸರು ಬೇರೆ ಬೇರೆ. ಒಳಗಿನ ಪುಟಗಳು ಅಕ್ಷರಶಃ ಒಂದೇ.

ಅಥಣಿಯ ಕಾಲೇಜೊಂದರ ಸಮಾಜಶಾಸ್ತ್ರ ವಿಭಾಗದಲ್ಲಿ ಮಂಗಲ ಮೇಡಮ್ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎದುರಿಗೆ ಇಬ್ಬರು ಎಂ.ಎ. ವಿದ್ಯಾರ್ಥಿಗಳು—ಐನಾಪುರದ ಜೈನರ ಹುಡುಗಿ ಕಾಜಲ, ಐಗಳಿಯ ಕುರಿ ಸಾಕುವವರ ಮಗ ಮಾಳೇಶ. ವಿಷಯ: ಕುರಿಗಾಹಿ ಮನೆಯೊಂದರ ದಿನಚರಿ.

ಮಾಳೇಶನ ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ‘ಈ ಬರಹಕ್ಕೆ ಎಐ ನೆರವು ಪಡೆದಿದ್ದೇನೆ.’ ಕಾಜಲಳ ಪ್ರತಿಯಲ್ಲಿ ಅದಿಲ್ಲ. ಎಐ ಬಳಸಿ ಹೇಳಿದರೆ ತಪ್ಪಲ್ಲ, ಮುಚ್ಚಿಟ್ಟರೆ ಸೊನ್ನೆ—ವಿಭಾಗದ ನಿಯಮ. ಸೊನ್ನೆ ಬಿದ್ದರೆ ಕಾಜಲ ಪರೀಕ್ಷೆಗೆ ಕೂರುವಂತಿಲ್ಲ.

“ಇಬ್ರೂ ಒಂದ ಪ್ರಶ್ನೆ ಕೇಳೀವಿ, ಅದು ಒಂದ ಉತ್ತರ ಕೊಟ್ಟೈತ್ರಿ,” ಎಂದ ಮಾಳೇಶ. “ನಾ ಒಪ್ಪಿಕೊಂಡೀನಿ. ಆಕಿ ಮುಚ್ಚಿಟ್ಟಾಳ.”

“ಹೌದೇನ ಕಾಜಲ?”

“ಇಲ್ರಿ ಮೇಡಮ್. ನಾನ ಹೋಗಿ, ಕುಂತು, ನೋಡಿ ಬರದೀನಿ.”

“ಯಾರ ಮನಿಗೆ?”

ಕಾಜಲ ತಲೆ ತಗ್ಗಿಸಿದಳು. “ಹೆಸರು ಹೇಳಂಗಿಲ್ಲ ಅಂತ ಆ ಮನಿ ಅವ್ವಗ ಮಾತು ಕೊಟ್ಟೀನ್ರಿ.”

“ಭಾರಿ ಸಂಶೋಧಕಿ,” ಮಾಳೇಶ ನಕ್ಕ.

ಮಂಗಲ ಪುಟ ತಿರುವಿದರು. ಬೆಳಗಿನಿಂದ ಅವರೂ ಅವನನ್ನೇ ನಂಬಿದ್ದರು—ತಾನಾಗಿ ಒಪ್ಪಿಕೊಂಡವನು ಸುಳ್ಳು ಯಾಕೆ ಹೇಳುತ್ತಾನೆ? ಒಂದು ಕಡೆ ಕಣ್ಣು ನಿಂತಿತು.

“ಮಾಳೇಶ, ನಿಮ್ಮ ಕಡೆ ರಾತ್ರಿ ಊಟ ಯಾವಾಗ?”

“ಕುರಿ ದೊಡ್ಡಿ ಸೇರಿದ ಮ್ಯಾಲ್ರಿ. ಕತ್ತಲಾಗಿರತೈತಿ.”

“ಝುಣಕಕ್ಕ ಉಳ್ಳಾಗಡ್ಡಿ?”

“ಅದಿಲ್ದ ಝುಣಕ ಜೈನರ ಮನ್ಯಾಗ ಆಗತೈತ್ರಿ. ನಮ್ಮಲ್ಲಲ್ಲ.”

“ಹಂಗಾರ ನೀ ಕೊಟ್ಟ ಈ ಸಾಲು ಓದು.”

ಅವನು ಓದಿದ. ‘ಈ ಮನೆಯವರು ಹೊತ್ತು ಮುಳುಗುವ ಮೊದಲೇ ಉಣ್ಣುತ್ತಾರೆ. ಝುಣಕದ ಕಡಲೆಹಿಟ್ಟಿಗೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹಾಕುವುದಿಲ್ಲ.’ ಧ್ವನಿ ಇಳಿಯಿತು. “ಎಐ ತಪ್ಪು ಹೇಳಿರಬೇಕ್ರಿ.”

“ಹೇಳಬಹುದು. ಆದ್ರ ನೀ ಓದಿದ್ದರ ತಿದ್ದತಿದ್ದಿ. ಕತ್ತಲಾದ ಮ್ಯಾಲ ಉಣ್ಣದ ಜೈನರ ಹುಡುಗಿ ಬಂದಾಳಂತ ಯಾರೋ ಲಗೂನ ಒಲಿ ಹಚ್ಚಿ, ಉಳ್ಳಾಗಡ್ಡಿ ಬಿಟ್ಟು ಮಾಡಿ, ಆಕಿ ಜೋಡಿ ತಾವೂ ಉಂಡಾರ. ಅದನ್ನ ಆಕಿ ಆ ಮನಿ ಪದ್ಧತಿ ಅಂತ ತಿಳ್ಕೊಂಡಾಳ. ಅಲ್ಲಿ ಕುಂತು ಉಂಡಾಕಿನ ಮಾಡೋ ತಪ್ಪು ಇದು. ಬರದಾಕಿ ಕಾಜಲ. ಕದ್ದಾಂವ ನೀ. ಎಐ ಅನ್ನೂದು ಬರೇ ನೆವ.”

ಕಾಜಲ ತಲೆ ಎತ್ತಿದಳು. “ನನ್ನ ಸಲುವಾಗಿ ಮಾಡಿದ್ರಾ? ನನಗ ತಿಳೀಲೇ ಇಲ್ಲ...”

ಮಾಳೇಶ ಪುಟಗಳನ್ನು ಮೇಜಿನ ಮೇಲೆ ಇಟ್ಟ.

“ತಪ್ಪಿದ್ರ ಹೇಳು ಅಂತ ಆಕೀನ ಫೈಲ್ ಕಳಿಸಿದ್ಲ್ರಿ. ನಾ ಓದಲಿಲ್ಲ. ಹಂಗ ಕೊಟ್ನಿ.”

“ನಿನಗ ಯಾಕ ಕಳಿಸಿದ್ಲು?”

“ಅದು ನಮ್ಮ ಮನೀರಿ. ಅವತ್ತ ನಾ ಹಾಸ್ಟೆಲ್‌ನ್ಯಾಗಿದ್ನಿ. ಉಣ್ಣಾಕ ಹಾಕಿದಾಕಿ ನಮ್ಮವ್ವ.”

ಮಂಗಲ ಪೆನ್ನು ಮುಂದಿಟ್ಟರು. ಅವನು ಎಐ ಎಂಬುದನ್ನು ಹೊಡೆದುಹಾಕಿ ಕಾಜಲಳ ಹೆಸರು ಬರೆದ. ಪೆನ್ನು ಹಿಂದಕ್ಕೆ ಕೊಡಲಿಲ್ಲ.

“ದಿನಾ ಫೋನ್ ಮಾಡಿ ಕೇಳತಾಳ್ರಿ ಅವ್ವ,” ಎಂದ, ಯಾರ ಮುಖವನ್ನೂ ನೋಡದೆ. “ಆ ಹುಡುಗಿಗಿ ಛಲೋ ಮಾರ್ಕ್ಸ್ ಬಿದ್ದುವೇನ ಅಂತ.”