ಸಾಕು ಎನ್ನದ ರಾಜ್ಯ

ಬಹಳ ಹಿಂದೆ, ಮೀನಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ತುಂಬಾವತಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ‘ಸಾಕು’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಆಡಿದರೆ ಕಣಜ ಬರಿದಾಗುತ್ತದೆಂದು ನಂಬಿಕೆ. ಊಟಕ್ಕೆ ಕೂತವರು ಹೊಟ್ಟೆ ತುಂಬಿದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು. ಬಡಿಸುವವರು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಆ ರಾಜ್ಯದ ರಾಜ ಉದ್ದಂಡವರ್ಮನಿಗೆ ಅರಮನೆಯ ಬಾಗಿಲಿಗೇ ದೊಡ್ಡ ಹಡಗು ಬರಬೇಕೆಂಬ ಆಸೆ ಹುಟ್ಟಿತು. ಹೊಳೆಯಲ್ಲಿ ಅಷ್ಟು ಆಳವಿರಲಿಲ್ಲ. ಆಗ ಬಗ್ಗಡಯ್ಯನೆಂಬ ಮಾಯಗಾರ ಆಸ್ಥಾನಕ್ಕೆ ಬಂದ. ಅವನ ಹಿಂದೆ ಆನೆಯಷ್ಟು ದೊಡ್ಡ ಹಂದಿ ಬಂತು. ಅದರ ಮೂತಿ ಕಬ್ಬಿಣದ್ದು.

“ನನ್ನ ಹಂದಿ ಹೊಳೆಯ ತಳ ಅಗೆಯುತ್ತದೆ ಪ್ರಭೂ. ತಾವು ಬಾಯಿಬಿಟ್ಟು ‘ಸಾಕು’ ಎನ್ನುವವರೆಗೆ ನಿಲ್ಲುವುದಿಲ್ಲ,” ಎಂದ ಬಗ್ಗಡಯ್ಯ. ಸಭೆಯೆಲ್ಲ ಕಿವಿ ಮುಚ್ಚಿಕೊಂಡಿತು.

“ನಿನಗೇನು ಕೊಡಬೇಕು?” ರಾಜ ಕೇಳಿದ.

“ಏನೂ ಬೇಡ. ಕದಡಿದ ನೀರಿನಲ್ಲಿ ವಾಸವಿರಲು ಅಪ್ಪಣೆ ಕೊಟ್ಟರೆ ಆಯಿತು. ತಿಳಿನೀರು ನನ್ನ ಮೈಗೆ ಆಗುವುದಿಲ್ಲ.”

ರಾಜ ಹಿರಿಹಿರಿ ಹಿಗ್ಗಿ ಹೂಂ ಎಂದ. ಹಂದಿ ಹೊಳೆಗಿಳಿಯಿತು.

ಹೊಳೆಯ ದಡದ ಬೆಸ್ತರ ಹಟ್ಟಿಯಲ್ಲಿ ತಿಪ್ಪಣ್ಣನೆಂಬ ಯುವಕನೂ ಅವನ ಅಕ್ಕ ಈರಕ್ಕನೂ ಇದ್ದರು. ತಾಯಿ ಇಲ್ಲದ ತಿಪ್ಪಣ್ಣನನ್ನು ಉಣಿಸಿ ಬೆಳೆಸಿದವಳು ಅವಳೇ. ಹಂದಿ ಬೆಣಚುಕಲ್ಲಿನ ದಿಣ್ಣೆಗೆ ಮೂತಿ ಹಾಕಿದಾಗ ಈರಕ್ಕ ಅಡ್ಡ ನಿಂತು, ಜೊತೆಗಿದ್ದ ಬಗ್ಗಡಯ್ಯನಿಗೆ ಹೇಳಿದಳು, “ಇದು ಮೀನು ಮೊಟ್ಟೆಯಿಡೋ ಜಾಗ ಕಣಯ್ಯ. ಇದನ್ನ ಬಿಟ್ಟು ಬೇರೆ ಕಡೆ ಅಗೆಸು!”

“ಮೀನಿನ ಮೇಲೆ ಅಷ್ಟು ಅಕ್ಕರೆಯೇ? ಹಾಗಾದರೆ ಮೀನೇ ಆಗು!” ಎಂದು ಬಗ್ಗಡಯ್ಯ ನೀರೆರಚಿದ. ಈರಕ್ಕ ಮೀನಾದಳು. “ನಿನ್ನ ಒಂದೇ ಒಂದು ಮರಿ ಬೆರಳುದ್ದ ಬೆಳೆದ ದಿನ ನಿನ್ನ ರೂಪ ನಿನಗೆ,” ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಯಾಕೆ ನಕ್ಕನೋ ತಿಪ್ಪಣ್ಣನಿಗೆ ತಿಳಿಯಲಿಲ್ಲ. ಮೀನು ಇಡುವುದು ಸಾವಿರಾರು ಮೊಟ್ಟೆ. ಬದುಕಬೇಕಾದದ್ದು ಒಂದು. ಶಾಪ ಕೊಡಲು ಬಾರದ ಮಾಯಗಾರನೇ ಇವನು?

ಮೊದಲ ಮಳೆಗೆ ಈರಕ್ಕ ಮೊಟ್ಟೆಯಿಟ್ಟಳು. ತಿಪ್ಪಣ್ಣ ದೊಣ್ಣೆ ಹಿಡಿದು ಕಾವಲು ಕೂತ. ನೀರುನಾಯಿಯನ್ನು ಅಟ್ಟಿದ, ಕೊಕ್ಕರೆಯನ್ನು ಓಡಿಸಿದ. ಆದರೂ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಬೂಸಲು ಹಿಡಿದು ಸತ್ತವು.

ಮರುವರ್ಷ ದೊಡ್ಡ ಮೀನುಗಳ ಮೇಲೆ ಅನುಮಾನಪಟ್ಟು ಬಿದಿರಿನ ತಡಿಕೆ ಕಟ್ಟಿದ. ಒಂದಷ್ಟು ಮರಿಗಳು ಹೊರಬಂದವು. ಅವನು ಕುಣಿದಾಡಿದ. ಸಂಜೆಗೆಲ್ಲ ಅವು ಬಾಯಿ ತೆರೆದುಕೊಂಡು ಮೇಲಕ್ಕೆ ತೇಲಿದವು. ಕಚ್ಚಿದ ಗುರುತಿಲ್ಲ, ವಿಷವಿಲ್ಲ, ಬಲೆಯಿಲ್ಲ.

“ಏನಾಯ್ತಕ್ಕ?” ತಿಪ್ಪಣ್ಣ ಅಳುತ್ತ ಕೇಳಿದ.

“ಗೊತ್ತಾಗ್ತಿಲ್ಲ ತಮ್ಮಾ. ಉಸಿರು ಕಟ್ತದೆ. ಮಕ್ಕಳು ಎದುರಿಗೇ ಇದ್ರೂ ಕಾಣಲ್ಲ. ಅವಕ್ಕೂ ತಿನ್ನೋ ಹುಳು ಕಾಣಲ್ಲ,” ಎಂದಳು ಮೀನಾದ ಅಕ್ಕ.

ಊರವರನ್ನು ಕೇಳಿದರೆ, “ಹೊಳೆಯಲ್ಲಿ ಇಷ್ಟು ನೀರು ನಾವು ಕಂಡೇ ಇಲ್ಲ, ನಿನಗೇನಪ್ಪ ಚಿಂತೆ?” ಅಂದರು. ಅದೂ ನಿಜವೇ. ನೀರು ಹೆಚ್ಚಾಗಿದೆ, ಮೀನು ಕಡಿಮೆಯಾಗಿದೆ. ತಿಪ್ಪಣ್ಣನ ತಲೆ ಕೆಟ್ಟು ಗೊಬ್ಬರವಾಯಿತು.

ಮೂರನೆಯ ವರ್ಷ ಏನು ಮಾಡುವುದೋ ತೋಚದೆ, ಹೊಳೆನೀರಿನ ಸಮೇತ ಒಂದಿಷ್ಟು ಮೊಟ್ಟೆಗಳನ್ನು ಮಡಕೆಗೆ ತುಂಬಿ ಮನೆಯ ಮೂಲೆಯಲ್ಲಿಟ್ಟ. ಮರುದಿನ ಬಗ್ಗಿ ನೋಡಿದ. ಮಣ್ಣೆಲ್ಲ ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿತ್ತು. ತಳದ ಮೊಟ್ಟೆಗಳು ನುಣುಪು ಕೆಸರಿನಡಿ ಹೂತು ಸತ್ತಿದ್ದವು. ಮಡಕೆಯ ಕಂಠಕ್ಕೆ ಅಂಟಿಕೊಂಡಿದ್ದ ನಾಲ್ಕಾರು ಮೊಟ್ಟೆಗಳೊಳಗೆ ಮಾತ್ರ ಕಪ್ಪು ಕಣ್ಣುಗಳು ಮಿಸುಕಾಡುತ್ತಿದ್ದವು.

“ಅಯ್ಯೋ, ಹೊಳೆಯ ತುಂಬ ಮಣ್ಣು ತೇಲ್ತಿದೆ! ಮೊಟ್ಟೆ ಮೇಲೆ ಅದೇ ಕೂತು ಉಸಿರು ಕಟ್ಟಿಸ್ತಿದೆ!” ಎಂದು ಕೂಗಿದ. ಬಗ್ಗಡಯ್ಯನ ನಗು ಈಗ ಅರ್ಥವಾಯಿತು.

ಉಳಿದ ಮೊಟ್ಟೆಗಳಿಗೆ ಬಾವಿಯ ತಿಳಿನೀರು ಹಾಕಿಟ್ಟು ನೇರ ಹಂದಿಯ ಬಳಿಗೆ ಹೋದ. “ನಿಲ್ಲಿಸು!” ಎಂದ.

ಹಂದಿ ನಿಟ್ಟುಸಿರಿಟ್ಟಿತು. “ನನ್ನ ಮೂತಿಯೂ ಸವೆದುಹೋಗಿದೆ ಮಗಾ. ರಾಜ ‘ಸಾಕು’ ಅನ್ನದೆ ನಾನು ನಿಲ್ಲುವ ಹಾಗಿಲ್ಲ. ಅವನು ಅನ್ನುವುದಿಲ್ಲ.”

ವರ್ಷಕ್ಕೊಮ್ಮೆ ರಾಜ ಬೆಸ್ತರ ಹಟ್ಟಿಯಲ್ಲಿ ಉಣ್ಣುವುದು ಆ ನಾಡಿನ ವಾಡಿಕೆ. ಆ ದಿನ ಬಂತು. ಬಡಿಸಲು ತಿಪ್ಪಣ್ಣನೇ ನಿಂತ. ಅನ್ನ ಹಾಕಿದ, ಸಾರು ಬಿಟ್ಟ. ರಾಜ ತೃಪ್ತಿಯಿಂದ ತೇಗಿ ಎಲೆಯ ಮೇಲೆ ಕೈ ಅಡ್ಡ ಹಿಡಿದ. ತಿಪ್ಪಣ್ಣ ಆ ಕೈಗಳ ಮೇಲೆಯೇ ಸಾರು ಸುರಿದ. ಸಾರು ಮೊಣಕೈಗೆ ಹರಿಯಿತು, ಮಡಿಲಿಗಿಳಿಯಿತು, ಪೀತಾಂಬರ ತೊಯ್ದು ತೊಪ್ಪೆಯಾಯಿತು.

“ಏಯ್! ಅಡ್ಡ ಹಿಡಿದ ಕೈ ಕಾಣುವುದಿಲ್ಲವೇ?”

“ಕಾಣ್ತದೆ ಬುದ್ಧೀ,” ಎಂದ ತಿಪ್ಪಣ್ಣ, ಸುರಿಯುವುದನ್ನು ನಿಲ್ಲಿಸದೆ. “ತಮಗೆ ಅಡ್ಡ ಹಿಡಿಯೋಕೆ ಕೈ ಇದಾವೆ. ಹೊಳೆಗೆ ಎಲ್ಲಿದಾವೆ ಬುದ್ಧಿ?”

ತಿಪ್ಪಣ್ಣ ಸಾರಿನ ಪಾತ್ರೆಯನ್ನು ಇನ್ನೂ ಮೇಲಕ್ಕೆತ್ತಿ ಸುರಿದ. ಸಾರು ರಾಜನ ಗಡ್ಡಕ್ಕೆ ಬಂತು. ಮೂಗಿಗೆ ಬಂತು. ಅವನು ಉಸಿರು ಕಟ್ಟಿ ಕೆಮ್ಮುತ್ತ, “ಸಾಕು! ಸಾಕೋ ಮಾರಾಯಾ, ಸಾಕು!” ಎಂದು ಕಿರುಚಿದ.

ಎಲ್ಲರೂ ಆಕಾಶ ಕಳಚಿ ಬೀಳುವುದೆಂದು ಕಣ್ಣು ಮುಚ್ಚಿಕೊಂಡರು. ಒಬ್ಬ ಭಟ ಓಡಿಹೋಗಿ ಕಣಜ ನೋಡಿ ಬಂದ. ಕಣಜ ತುಂಬಿಯೇ ಇತ್ತು.

“ಏನೂ ಆಗಲಿಲ್ಲವಲ್ಲ!” ಎಂದ ರಾಜ, ಗಡ್ಡ ಹಿಂಡಿಕೊಳ್ಳುತ್ತ.

ಆದದ್ದು ಹೊಳೆಯಲ್ಲಿ. ಹಂದಿ ಅಗೆಯುವುದನ್ನು ಬಿಟ್ಟು ದಡಕ್ಕೆ ಬಂದು ಮಲಗಿ ಗೊರಕೆ ಹೊಡೆಯಿತು. ಮಣ್ಣು ಮೆಲ್ಲಗೆ ಕೆಳಗಿಳಿಯಿತು, ಮಳೆಯ ನೀರು ಬೆಣಚುಕಲ್ಲುಗಳನ್ನು ತೊಳೆಯಿತು. ಅಡಗಲು ಜಾಗವಿಲ್ಲದೆ ಬಗ್ಗಡಯ್ಯ ದಂಡೆಗೆ ಬಂದು, ಬಿಸಿಲಿಗೆ ಒಣಗಿ ಬಿರುಕುಬಿಟ್ಟು ಪುಡಿಪುಡಿಯಾದ. ನೀರು ತಿಳಿಯಾದ ಮೇಲೆ ತಿಪ್ಪಣ್ಣ ಮಡಕೆಯಲ್ಲಿ ಹುಟ್ಟಿದ್ದ ಮರಿಗಳನ್ನು ಹೊಳೆಗೆ ಬಿಟ್ಟ.

ಅವುಗಳಲ್ಲೊಂದು ಬೆರಳುದ್ದ ಬೆಳೆದ ದಿನ, ಈರಕ್ಕ ತಲೆಗೂದಲು ಹಿಂಡಿಕೊಳ್ಳುತ್ತ ಹೊಳೆಯಿಂದ ಎದ್ದು ಬಂದಳು. ತಿಪ್ಪಣ್ಣ ಓಡಿಹೋಗಿ ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತ. ಅಂದಿನಿಂದ ಹೊಳೆಯ ಮೀನುಗಳೂ ದಡದ ಜನರೂ ಸುಖವಾಗಿದ್ದರು.

ಅಂದು ಅಕ್ಕನನ್ನು ಎಲೆಯ ಮುಂದೆ ಕೂರಿಸಿ ಅವನೇ ಬಡಿಸಿದ. ಬಡಿಸಿದ, ಮತ್ತೆ ಬಡಿಸಿದ. ಈರಕ್ಕ ಕೈ ಅಡ್ಡ ಹಿಡಿಯಲಿಲ್ಲ. ಅವನ ಮುಖ ನೋಡಿ ನಕ್ಕು, “ಸಾಕು ತಮ್ಮಾ. ನೀನೂ ಕೂತ್ಕೊ, ಉಣ್ಣು,” ಅಂದಳು.